ಎರಡು ಅರಳಿ, ಎರಡು ಕುಲ

ಮದುಕ್ಕರೈ ಸುತ್ತಿನ ಕನ್ನಡದ ಮನೆಗಳಲ್ಲಿ ಮಕ್ಕಳು ಒಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತಾರೆ. ಅಜ್ಜಿ “ಅರಳಿ ಎಲೆ ತಾ ಕಂದಾ” ಎಂದರೆ ಮಗು ಯಾವುದನ್ನು ತರಬೇಕು? ಕನ್ನಡದ ಅರಳಿ ಕಟ್ಟೆಯ ಮೇಲಿನ ಅಶ್ವತ್ಥ. ತಮಿಳಿನಲ್ಲಿ ಅದು ಅರಸ ಮರ. ಅಲ್ಲಿ ಅರಳಿ ಎಂದರೆ ನಮ್ಮ ಕಣಗಿಲೆ. ಕಣಗಿಲೆಯ ಎಲೆ, ಹೂ, ಬೇರು ಎಲ್ಲವೂ ವಿಷ.

ಹೆಸರಿನ ತೊಡಕು ಹಳೆಯದು. ಅದನ್ನು ಬಿಡಿಸಿದ ಕಥೆಗೆ ನಮ್ಮ ನೆರೆಯೂ ಸೇರಿದೆ. ವಾಳೆಯಾರ್ ದಾಟಿದರೆ ಮಲಯಾಳ ಸೀಮೆ. ಅಲ್ಲಿ ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಅವರು ಗಿಡಮರಗಳ ಚಿತ್ರ, ಹೆಸರು, ಉಪಯೋಗಗಳನ್ನು ಬರೆಸಿದರು. ಇಟ್ಟಿ ಅಚ್ಯುತನ್ ಎಂಬ ವೈದ್ಯರೂ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ಪಂಡಿತರೂ ನೆರವಾದರು. ಆ ‘ಹೋರ್ತುಸ್ ಮಲಬಾರಿಕುಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾಯಿತು.

ಸ್ವೀಡನ್ನಿನ ಲಿನೇಯಸ್ ಅದನ್ನು ಬಳಸಿಕೊಂಡರು. 1753ರ ತಮ್ಮ ಗ್ರಂಥದಲ್ಲಿ ಪ್ರತಿ ಸಸ್ಯಕ್ಕೂ ಎರಡು ಪದದ ಹೆಸರಿಟ್ಟರು. ಮೊದಲ ಪದ ಕುಲವನ್ನು ತಿಳಿಸುತ್ತದೆ. ಎರಡೂ ಪದ ಸೇರಿದರೆ ಪ್ರಭೇದದ ಹೆಸರು. ಅಶ್ವತ್ಥ ‘ಫೈಕಸ್ ರಿಲಿಜಿಯೋಸ’ ಆಯಿತು. ಕಣಗಿಲೆ ‘ನೀರಿಯಮ್ ಒಲಿಯಾಂಡರ್’ ಆಯಿತು. ಎರಡು ಅರಳಿಗಳೂ ಬೇರೆಯಾದವು.

ಇದನ್ನು ಮಕ್ಕಳಿಗೆ ತೋರಿಸುವುದು ಸುಲಭ. ಆಲ, ಅತ್ತಿ, ಅಶ್ವತ್ಥದ ಹಣ್ಣು ಬಿಡಿಸಿ ತೋರಿಸಿರಿ. ಮೂರರಲ್ಲೂ ಪುಟ್ಟ ಹೂಗಳು ಒಳಗೇ ಅಡಗಿವೆ. ಮೂರೂ ಫೈಕಸ್ ಕುಲ. ಮುರಿದರೆ ಹಾಲು ಬಂತೆಂದು ಎಕ್ಕವನ್ನು ಅವುಗಳ ಜೊತೆ ಸೇರಿಸುವಂತಿಲ್ಲ. ಹೂವಿನ ರಚನೆ ನೋಡಿದರೆ ಎಕ್ಕ ಕಣಗಿಲೆಯ ಕುಟುಂಬದ್ದು. ಎಕ್ಕದ ಹಾಲು ಕಣ್ಣಿಗೆ ಅಪಾಯ. ಅದನ್ನು ದೂರದಿಂದಲೇ ತೋರಿಸಿರಿ.

ಮದ್ರಾಸ್ ಪ್ರಾಂತದ ಸಸ್ಯಗಳ ದೊಡ್ಡ ಗ್ರಂಥವನ್ನು ಗ್ಯಾಂಬಲ್ 1915ರಲ್ಲಿ ಹೊರತರತೊಡಗಿದರು. 1925ರಲ್ಲಿ ಅವರು ತೀರಿಕೊಂಡ ಮೇಲೆ, ಹಿಂದೆ ಇಲ್ಲಿ ಅರಣ್ಯಾಧಿಕಾರಿಯಾಗಿದ್ದ ಫಿಷರ್ 1936ರಲ್ಲಿ ಮುಗಿಸಿದರು. ಕೊಯಮತ್ತೂರಿನ ಗ್ಯಾಸ್ ಅರಣ್ಯ ವಸ್ತುಸಂಗ್ರಹಾಲಯ 1902ರದು. ಭಾರತೀಯ ಸಸ್ಯ ಸರ್ವೇಕ್ಷಣೆಯ ದಕ್ಷಿಣ ಕೇಂದ್ರ 1955ರಲ್ಲಿ ಅದೇ ಊರಿನಲ್ಲಿ ಆರಂಭವಾಯಿತು. ಒಣಗಿಸಿ ಹಾಳೆಗೆ ಅಂಟಿಸಿದ ಸಸ್ಯಗಳನ್ನು ಅಲ್ಲಿ ಜೋಪಾನ ಮಾಡಿದ್ದಾರೆ. ಗಿಡ ಯಾವುದೆಂದು ಸಂದೇಹ ಬಂದರೆ ಆ ಹಾಳೆಗಳೇ ಸಾಕ್ಷಿ.

ಇದು ಬರೀ ಶಾಲೆಯ ಪಾಠವಲ್ಲ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ, ವಿಷವೆಂಬ ಕಾರಣಕ್ಕೆ, ನೈವೇದ್ಯ ಪ್ರಸಾದಗಳಲ್ಲಿ ಅರಳಿ ಹೂವನ್ನು ನಿಲ್ಲಿಸಿತು. ಮಲಯಾಳದಲ್ಲೂ ಅರಳಿ ಎಂದರೆ ಕಣಗಿಲೆಯೇ. ಅಲ್ಲಿಯ ಸುದ್ದಿ ಕೇಳಿ ಇಲ್ಲಿಯ ಅಶ್ವತ್ಥಕ್ಕೆ ಹೆದರಬೇಕಾಗಿಲ್ಲ.

ಆದುದರಿಂದ ಮಕ್ಕಳಿಗೆ ಎರಡು ಭಾಷೆಯ ಹೆಸರನ್ನೂ ಹೇಳಿಕೊಡಿರಿ. ಹೇಳುವಾಗ ಗಿಡದ ಮುಂದೆಯೇ ನಿಲ್ಲಿಸಿ ಹೇಳಿರಿ.