ಕೊಟ್ಟ ಮನೆಯ ಗಂಟುಗಳು: ಗೃಹಪ್ರವೇಶದ ಉಡುಗೊರೆಗೆ ವೇದಮೂಲ ಹುಡುಕುವವರಿಗೆ ಒಂದು ತಕರಾರು

ಗೃಹಪ್ರವೇಶಕ್ಕೆ ಬಂದವರು ತರುವ ದೀಪ, ಕಲಶ, ಬೆಳ್ಳಿ ಬಟ್ಟಲುಗಳಿಗೆ ವೇದಕಾಲದ ಅರ್ಥವಿದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆಧಾರ ಕೇಳಿದರೆ ಬೆರಳು ಹೋಗುವುದು ಅಥರ್ವವೇದದ ಎರಡು ಶಾಲಾಸೂಕ್ತಗಳ (ಶಾಲಾ ಎಂದರೆ ಇಲ್ಲಿ ಮನೆ) ಕಡೆಗೆ: 3ನೇ ಕಾಂಡದ 12ನೆಯದು, 9ನೇ ಕಾಂಡದ 3ನೆಯದು. ಇವೆರಡನ್ನೂ ಪೂರ್ತಿ ಓದಿದವರು ಆ ಮಾತನ್ನು ಹಾಗೆಯೇ ಒಪ್ಪುವುದು ಕಷ್ಟ.

ಮೊದಲನೆಯದರಲ್ಲಿ ತುಂಬಿದ ಕೊಡ ಇದೆ, ನಿಜ. ತುಪ್ಪದ ಧಾರೆಯೊಡನೆ ಅದನ್ನು ಹೊತ್ತು ತರುವಂತೆ ಸೂಕ್ತ ಹೇಳುವುದು ಒಬ್ಬ ಹೆಣ್ಣಿಗೆ, ಸಂದರ್ಭ ನೋಡಿದರೆ ಆ ಮನೆಯೊಡತಿಗೇ. ಕೊಡ ಮನೆಯವರದ್ದು, ನೆಂಟರು ತಂದದ್ದೆಂಬ ಸೂಚನೆ ಎಲ್ಲೂ ಇಲ್ಲ. ಇಷ್ಟಕ್ಕೆ ಅದರ ಸಾಕ್ಷ್ಯ ಮುಗಿಯಿತು.

ಜಗಳವಿರುವುದು 31 ಮಂತ್ರಗಳ ಎರಡನೆಯ ಸೂಕ್ತದಲ್ಲಿ. ಹಿಂದೆ ಬನಾರಸ್ ಕಾಲೇಜಿನಲ್ಲಿದ್ದು ನಿವೃತ್ತಿಯ ನಂತರ ನೀಲಗಿರಿಯ ಕೋಟಗಿರಿಯಲ್ಲಿ ನೆಲೆಸಿದ್ದ ರಾಲ್ಫ್ ಗ್ರಿಫಿತ್ 1895-96ರ ತಮ್ಮ ಅನುವಾದದಲ್ಲಿ ಇದನ್ನು ಹೊಸದಾಗಿ ಕಟ್ಟಿದ ಮನೆಯ ಪವಿತ್ರೀಕರಣದ ಸೂಕ್ತವೆಂದು ಕರೆದರು. ಅದಕ್ಕೂ ಮುಂಚೆ, 1879ರಲ್ಲಿ, ಹೈನ್‌ರಿಶ್ ಝಿಮ್ಮರ್ ಇದನ್ನು ಮನೆ ಕಟ್ಟುವ ಕ್ರಮದ ದಾಖಲೆಯಾಗಿ ಬಳಸಿಕೊಂಡಿದ್ದರು. ಗ್ರಿಫಿತ್ ಕೊಟ್ಟ ಹೆಸರಿಗೆ ಒಂದು ಸಮರ್ಥನೆ ಸಿಗದೆ ಇಲ್ಲ: ಕೊನೆಯ ಭಾಗದಲ್ಲಿ ನೀರು ಮತ್ತು ಬೆಂಕಿಯೊಡನೆ ಮನೆ ಹೊಗುವ 23ನೇ ಮಂತ್ರ, ಹೊಸ ಮನೆಯ ಸೂಕ್ತವಾದ 3.12ರಲ್ಲೂ ಬರುತ್ತದೆ. ಆದರೆ ಒಂದು ಮಂತ್ರ ಎರಡು ಕಡೆ ಬಂದ ಮಾತ್ರಕ್ಕೆ ಎರಡೂ ಸೂಕ್ತಗಳ ಸಂದರ್ಭ ಒಂದೇ ಆಗಿಬಿಡುವುದಿಲ್ಲ.

ಸೂಕ್ತದ ಮೊದಲರ್ಧ ಮಾಡುವ ಕೆಲಸ ಒಂದೇ, ಬಿಚ್ಚುವುದು. ಆಸರೆಗಂಬಗಳ ಕಟ್ಟು, ಬಿದಿರಿನ ಕಟ್ಟು, ಹೊದಿಸಿದ ಹುಲ್ಲು, ಮೇಲೆ ಹರಡಿದ ಬಲೆ ಒಂದೊಂದನ್ನೂ ಹೆಸರಿಸಿ ಸಡಿಲಿಸಲಾಗುತ್ತದೆ. ಇವೆಲ್ಲ ಕಟ್ಟುವಾಗ ತಾತ್ಕಾಲಿಕವಾಗಿ ಬಿಗಿದ ಹಗ್ಗಗಳು, ಕೆಲಸ ಮುಗಿದ ಮೇಲೆ ಬಿಚ್ಚಿದರು ಎಂದು ಗ್ರಿಫಿತ್ ಪರವಾಗಿ ಯಾರಾದರೂ ವಾದಿಸಬಹುದು. ಆ ವಾದ 6ನೇ ಮಂತ್ರದ ಮುಂದೆ ನಿಲ್ಲುವುದಿಲ್ಲ. ಅಲ್ಲಿ ಬಿಚ್ಚುವುದು ಮನೆಯೊಳಗೆ ಅನುಕೂಲಕ್ಕೆಂದು ತೂಗುಬಿಟ್ಟ ಶಿಕ್ಯಗಳನ್ನು, ಅಂದರೆ ನಮ್ಮ ಹಳ್ಳಿಮನೆಗಳಲ್ಲಿ ಹಾಲು ಮೊಸರಿನ ಗಡಿಗೆ ಇಡುತ್ತಿದ್ದ ನೆಲುವನ್ನು. ಹೊಸ ಮನೆ ಹೊಗುವವರು ನೆಲುವು ಕಟ್ಟುತ್ತಾರೆ. ಇಳಿಸುವುದು ಮನೆ ಖಾಲಿ ಮಾಡುವಾಗ. ಈ ಒಂದು ವಿವರವನ್ನು ಗಂಭೀರವಾಗಿ ತೆಗೆದುಕೊಂಡಿದ್ದರೆ ಗ್ರಿಫಿತ್ ಆ ಹೆಸರಿಡುತ್ತಿರಲಿಲ್ಲ.

ಉಳಿದದ್ದನ್ನು ಸೂಕ್ತವೇ ಹೇಳುತ್ತದೆ. 9ನೇ ಮಂತ್ರ ಮನೆಯನ್ನು ಸ್ವೀಕರಿಸುವವನಿಗೂ ಕಟ್ಟಿದವನಿಗೂ ದೀರ್ಘಾಯುಷ್ಯ ಕೋರುತ್ತದೆ. 12ನೆಯದು ಕೊಡುವವನಿಗೆ ನಮಿಸುತ್ತದೆ. 16ನೆಯದು ಸ್ವೀಕರಿಸಿದವರನ್ನು ಹಿಂಸಿಸಬೇಡ ಎಂದು ಮನೆಯನ್ನು ಬೇಡಿಕೊಳ್ಳುತ್ತದೆ. 24ನೆಯದರಲ್ಲಿ ಭಾರವಾದ ಮನೆ ಹಗುರಾಗಲಿ ಎಂಬ ಕೋರಿಕೆಯೊಡನೆ, ಅದನ್ನು ವಧುವಿನಂತೆ ಬೇಕಾದಲ್ಲಿಗೆ ಹೊತ್ತೊಯ್ಯುವ ಮಾತಿದೆ. ದಾತ, ಪ್ರತಿಗ್ರಹಿ, ಸಾಗಣೆ ಮೂರೂ ಇರುವ ಪಠ್ಯವನ್ನು ಬರೀ ಗೃಹಪ್ರವೇಶವೆನ್ನಲು ಬರುವುದಿಲ್ಲ. ಮಾರಿಸ್ ಬ್ಲೂಮ್‌ಫೀಲ್ಡ್ 1897ರಲ್ಲಿ ಇದನ್ನು ಪುರೋಹಿತನಿಗೆ ದಕ್ಷಿಣೆಯಾಗಿ ಕೊಟ್ಟ ಮನೆಯನ್ನು ಸಾಗಿಸುವ ಸೂಕ್ತವೆಂದು ಗುರುತಿಸಿದರು. ಅಥರ್ವವೇದದ ಇನ್ನೊಬ್ಬ ಅನುವಾದಕ ವಿಟ್ನಿ ಅವರ ಮರಣಾನಂತರ 1905ರಲ್ಲಿ ಹೊರಬಂದ ಅನುವಾದವೂ ಇದು ಮನೆಯನ್ನು ಬಿಚ್ಚುವ ಸಂದರ್ಭದ್ದೆಂದೇ ಹೇಳಿತು.

ಬ್ಲೂಮ್‌ಫೀಲ್ಡ್ ಕೈಯಲ್ಲಿ ಒಂದು ಬಲವಾದ ಆಧಾರವಿತ್ತು. ಅವರೇ ಸಂಪಾದಿಸಿ 1890ರಲ್ಲಿ ಪ್ರಕಟಿಸಿದ, ಅಥರ್ವವೇದ ಮಂತ್ರಗಳ ಬಳಕೆ ತಿಳಿಸುವ ವಿಧಿಗ್ರಂಥ ಕೌಶಿಕಸೂತ್ರದ 66ನೇ ಕಂಡಿಕೆ ಈ ಸೂಕ್ತದ ಬಳಕೆಯನ್ನು ವಿವರಿಸುತ್ತದೆ: ಮನೆಯೊಂದಿಗೆ ಏನೇನು ಕೊಡಬೇಕೆಂದಿದೆಯೋ ಅದನ್ನೆಲ್ಲ ಒಳಗೆ ಮುಚ್ಚಿಡಬೇಕು, ಬಾಗಿಲು ತೆರೆಯಬೇಕು, ನೀರಿನ ಪಾತ್ರೆ ಮತ್ತು ಬೆಂಕಿ ಹಿಡಿದು ಒಳಹೊಗಬೇಕು. ಗ್ರಿಫಿತ್ ಕಂಡ ಪ್ರವೇಶ ಇದೇ. ಅದು ದಾನವಿಧಿಯ ಒಂದು ಅಂಗ, ಹೊಸ ಮನೆಯ ಸಂಭ್ರಮವಲ್ಲ. (ಸೂಕ್ತವನ್ನು ಬಿಡಿಯಾಗಿ ಓದಿ ಸೂತ್ರವನ್ನು ಬದಿಗಿಡುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ವಿಜಯನಗರದ ಸಾಯಣನ ಭಾಷ್ಯವಾದರೂ ನೆರವಾದೀತು ಎನ್ನುವಂತಿಲ್ಲ. ಶಂಕರ ಪಾಂಡುರಂಗ ಪಂಡಿತರ ಆವೃತ್ತಿಯಲ್ಲಿ 9ನೇ ಕಾಂಡಕ್ಕೆ ಭಾಷ್ಯ ಇಲ್ಲ. ಹಾಗಾಗಿ ಇಲ್ಲಿ ಕೌಶಿಕನ ಮಾತಿಗೆ ಇನ್ನಷ್ಟು ತೂಕ.)

ಹಾಗೆಂದು ಬ್ಲೂಮ್‌ಫೀಲ್ಡ್ ಕೊಟ್ಟ ಹೆಸರೂ ಪೂರ್ತಿ ಸಾಲದು. ಸಾಗಣೆ ಎಂದಷ್ಟೇ ಹೇಳಿದರೆ 10ನೇ ಮಂತ್ರ ಹೊರಗುಳಿಯುತ್ತದೆ: ಕೀಲು ಕೀಲು ಬಿಚ್ಚಿದ ಮನೆ ಮತ್ತೆ ಗಟ್ಟಿಯಾಗಿ ಕಟ್ಟಿಕೊಂಡು, ಸಿಂಗರಗೊಂಡು ಪಡೆದವನನ್ನು ಅಲ್ಲಿ ಸೇರಲಿ ಎಂಬುದು ಅದರ ಆಶಯ. ಕಟ್ಟಿದವನ ಬಿಗಿಯಿಂದ ಬಿಡುಗಡೆಯಾಗದೆ ಮನೆ ಇನ್ನೊಬ್ಬನದಾಗುವುದಿಲ್ಲ ಎಂಬ ನಂಬಿಕೆ ಈ ಗಂಟುಗಳ ಹಿಂದಿದೆ. ಪಾಶವನ್ನು ನಮಗೆ ತೊಡಿಸಬೇಡ ಎಂದು 24ನೇ ಮಂತ್ರ ಬೇಡುವುದೂ ಇದಕ್ಕೇ. ದೊಡ್ಡ ದಾನ ಪಡೆದವನಿಗೆ ಅಂಟಿಕೊಳ್ಳುವ ಅಪಾಯ ಇಲ್ಲಿ ಎದ್ದು ಕಾಣುತ್ತದೆ. ಮಾರ್ಸೆಲ್ ಮಾಸ್ ಉಡುಗೊರೆಯ ಕುರಿತ ತಮ್ಮ 1925ರ ಪ್ರಸಿದ್ಧ ಪ್ರಬಂಧದಲ್ಲಿ ಭಾರತಕ್ಕೆ ಮಹಾಭಾರತದ ಅನುಶಾಸನಪರ್ವವನ್ನು ಮುಖ್ಯವಾಗಿ ನೆಚ್ಚಿಕೊಂಡರು. ಉಡುಗೊರೆ ಪಡೆದವನನ್ನು ಕಟ್ಟಿಹಾಕುತ್ತದೆಂಬ ಅವರ ವಾದಕ್ಕೆ ಇನ್ನೂ ಹಳೆಯ ಸಾಕ್ಷಿ ಈ ಸೂಕ್ತದಲ್ಲಿತ್ತು.

ಮನೆಯ ವಿಧಿಗಳನ್ನು ಹೇಳುವ ಗೃಹ್ಯಸೂತ್ರಗಳಲ್ಲೂ ಉಡುಗೊರೆ ಮನೆಯವನಿಂದ ಹೊರಗೆ ಹೋಗುವ ದಿಕ್ಕು ಬದಲಾಗುವುದಿಲ್ಲ. ಆಶ್ವಲಾಯನನ ವಿಧಿಯಲ್ಲಿ ಮನೆಯವನೇ ಬ್ರಾಹ್ಮಣರಿಗೆ ಊಟ ಹಾಕಿ, ವಾಸ್ತು ಮಂಗಳಕರ ಎಂದು ಅವರ ಬಾಯಲ್ಲಿ ಹೇಳಿಸುತ್ತಾನೆ. ಇಂದಿನ ಗೃಹಪ್ರವೇಶದಲ್ಲಿ ಹೊರಟವರ ಕೈಗೆ ತಾಂಬೂಲ, ತೆಂಗಿನಕಾಯಿ ಇಡುವ ಪದ್ಧತಿಗೂ ಹಳೆಯ ವಿಧಿಗೂ ಹೋಲಿಕೆ ಕಾಣುವುದು ಈ ದಿಕ್ಕಿನಲ್ಲೇ.

ನೆಂಟರಿಷ್ಟರು ತರುವ ಮುಯ್ಯಿಯ ಚರಿತ್ರೆ ಬೇರೆ. ಯಾರ ಮನೆಯವರು ಎಷ್ಟು ಹಾಕಿದರು, ಯಾವ ಪಾತ್ರೆ ಕೊಟ್ಟರು ಎಂದು ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಅದನ್ನು ತೀರಿಸುವ ವ್ಯವಹಾರ ಅದು. ಅದರ ಸಾಕ್ಷ್ಯ ಇರುವುದು ವೇದದಲ್ಲಲ್ಲ, ಮುಯ್ಯಿ ಬರೆದ ಪುಸ್ತಕಗಳಲ್ಲಿ. ಹಳೇ ಮನೆ ಕೆಡವಿ ಹೊಸದು ಕಟ್ಟುವ ಭರದಲ್ಲಿ ಆ ಪುಸ್ತಕಗಳು ರದ್ದಿಗೆ ಹೋಗುತ್ತಿವೆ. ಅಟ್ಟದ ಮೇಲೋ ಪೆಟ್ಟಿಗೆಯ ತಳದಲ್ಲೋ ಅಂಥದ್ದು ಇರುವವರು ದಯವಿಟ್ಟು ಎಸೆಯಬೇಡಿ. ಹತ್ತಿರದ ವಿಶ್ವವಿದ್ಯಾಲಯದ ಕನ್ನಡ ಅಥವಾ ಇತಿಹಾಸ ವಿಭಾಗಕ್ಕೆ ಒಂದು ಪ್ರತಿಯನ್ನಾದರೂ ಮುಟ್ಟಿಸಿ.