ಗಣಿ ಕಾರ್ಮಿಕರ ಲೈನುಗಳು

ಕೋಲಾರದ ಚಿನ್ನದ ಗಣಿಗಳಲ್ಲಿ 1880ರ ದಶಕದಲ್ಲಿ ಕೆಲಸ ಶುರುಮಾಡಿದ ಜಾನ್ ಟೇಲರ್ ಕಂಪನಿಗೆ ಸಾವಿರಾರು ಆಳುಗಳು ಬೇಕಿದ್ದರು. ಉತ್ತರ ಆರ್ಕಾಟಿನ ಕಡೆಯಿಂದ ವಲಸೆ ಬಂದವರು ಈ ಬಂಜರು ಬಯಲಿನಲ್ಲಿ ನೆಲೆ ನಿಲ್ಲಲು ಸೂರು ಬೇಕಿತ್ತು. ಹಾಗೆ ಹುಟ್ಟಿದ ಸಾಲುಮನೆಗಳೇ ‘ಲೈನು’ಗಳು. ಬಿದಿರು ತಟ್ಟಿಯ ಗೋಡೆಗಳ ನಡುವೆ ಒಂದೇ ಕೋಣೆ. ಅಡುಗೆ, ನಿದ್ದೆ, ಬಾಣಂತನ ಎಲ್ಲವೂ ಅಲ್ಲೇ. ಗಣಿಯ ಬಾಯಿ ಹತ್ತಿರವೇ ಇದ್ದುದರಿಂದ ಹಗಲಿರುಳು ಪಾಳಿ ನಡೆಸುವುದು ಕಂಪನಿಗೆ ಸುಲಭವಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಬಂದಾಗ ಮೊದಲ ಪಾಲು ಯಂತ್ರಗಳದ್ದಾಯಿತು. ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ರಾಜಧನ ತುಂಬಿದ ದುಡಿಮೆಗೆ ಸಿಕ್ಕ ವಸತಿ ತೀರಾ ಕಡಿಮೆಯೇ. ಕೆಲಸ ಹೋದರೆ ಮನೆಯೂ ಹೋಗುವ ಭಯ ಕಾರ್ಮಿಕರನ್ನು ಕಟ್ಟಿಹಾಕಿತ್ತು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅನೇಕ ಕುಟುಂಬಗಳು ಅದೇ ಲೈನುಗಳಲ್ಲಿ ಉಳಿದು, ಬೆಂಗಳೂರಿಗೆ ರೈಲಿನಲ್ಲಿ ದುಡಿಯಲು ಹೋಗತೊಡಗಿದವು.