ಜನರೇ ಲೆಕ್ಕ ಕೇಳಿದ ಕತೆ

“ತಪ್ಪು ಮಾಡದವರಿಗೆ ಭಯ ಯಾಕೆ ರೀ? ಸರ್ಕಾರ ನೋಡ್ಕೊಳ್ಳಲಿ ಬಿಡಿ.” ಖಾಸಗಿತನದ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ನನಗೆ ಹೀಗೆ ಹೇಳ್ತಾರೆ. ನಾನು ವಾದಕ್ಕಿಳಿಯಲ್ಲ, 1983ರ ಪಶ್ಚಿಮ ಜರ್ಮನಿಯ ಕತೆ ಹೇಳ್ತೀನಿ.

ಆ ವರ್ಷ ಏಪ್ರಿಲ್ 27ಕ್ಕೆ ಅಲ್ಲಿ ಜನಗಣತಿ ನಿಗದಿಯಾಗಿತ್ತು. ಅದರ ಕಾನೂನು ಸಂಸತ್ತಿನಲ್ಲಿ ಅವಿರೋಧವಾಗಿ ಪಾಸಾಗಿತ್ತು. ಆಳುವ ಪಕ್ಷಕ್ಕಾಗಲಿ ವಿರೋಧ ಪಕ್ಷಕ್ಕಾಗಲಿ ತಕರಾರೇ ಇರಲಿಲ್ಲ. ಕೇಳೋ ಪ್ರಶ್ನೆಗಳೂ ಅಂಥ ಗುಟ್ಟಿನವೇನಲ್ಲ: ಓದು, ಉದ್ಯೋಗ, ಮನೆ, ಕೆಲಸಕ್ಕೆ ಹೇಗೆ ಹೋಗ್ತೀರಿ ಅನ್ನೋದು. ಆದರೆ ಒಳಗೊಂದು ಕಲಂ ಇತ್ತು. ಗಣತಿಯಲ್ಲಿ ಸಿಕ್ಕ ಕೆಲವು ವಿವರಗಳನ್ನು ಸ್ಥಳೀಯ ಆಡಳಿತ ತನ್ನ ನಿವಾಸಿಗಳ ದಾಖಲೆ ಜೊತೆ ತಾಳೆ ನೋಡಿ ತಿದ್ದಿಕೊಳ್ಳಬಹುದಿತ್ತು. ಅಂದ್ರೆ, ಬರೀ ಅಂಕಿಅಂಶಕ್ಕೆ ಅಂತ ನೀವು ಕೊಟ್ಟ ಉತ್ತರ ನಿಮ್ಮ ಹೆಸರಿನ ಸಮೇತ ಇನ್ನೊಂದು ಕಡತ ಸೇರಿಕೊಳ್ಳುತ್ತೆ.

ಜನ ಸಿಟ್ಟಿಗೆದ್ದರು. ಊರೂರಲ್ಲಿ ಬಹಿಷ್ಕಾರದ ಗುಂಪುಗಳು ಹುಟ್ಟಿಕೊಂಡವು. ಹಿರಿಯರಿಗೆ ಇನ್ನೊಂದು ಗಣತಿಯ ನೆನಪಿತ್ತು. 1939ರ ಮೇ 17ರಂದು ನಾಜಿ ಸರ್ಕಾರ ನಡೆಸಿದ ಗಣತಿಯಲ್ಲಿ, ನಿಮ್ಮ ಅಜ್ಜ-ಅಜ್ಜಿಯರು ನಾಲ್ವರಲ್ಲಿ ಯಾರ್ಯಾರು ಯಹೂದಿಗಳು ಅಂತ ಕೇಳಿದ್ದರು. ಅಂಥ ಪ್ರಶ್ನೆ ಕೇಳಿದ ಸರ್ಕಾರ ಮುಂದೆ ಏನು ಮಾಡಿತು ಅನ್ನೋದು ಲೋಕಕ್ಕೇ ಗೊತ್ತು.

ಹ್ಯಾಂಬರ್ಗಿನ ಇಬ್ಬರು ವಕೀಲೆಯರು, ಗಿಸೆಲಾ ವಿಲ್ಡ್ ಮತ್ತು ಮಾಯಾ ಸ್ಟಾಡ್ಲರ್-ಓಯ್ಲರ್, ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿದರು. ಗಣತಿಗೆ ಎರಡೇ ವಾರ ಉಳಿದಿದ್ದಾಗ, ಏಪ್ರಿಲ್ 13ರಂದು, ಕೋರ್ಟು ತಡೆಯಾಜ್ಞೆ ಕೊಟ್ಟಿತು. ಡಿಸೆಂಬರ್ 15ಕ್ಕೆ ಅಂತಿಮ ತೀರ್ಪು ಬಂತು.

ಗಣತಿಯೇ ತಪ್ಪು ಅಂತ ಕೋರ್ಟು ಹೇಳಲಿಲ್ಲ. ದೇಶ ನಡೆಸೋಕೆ ಲೆಕ್ಕ ಬೇಕೇ ಬೇಕು. ಆದರೆ ತಾಳೆ ನೋಡೋ ಕಲಂ ಬಿದ್ದುಹೋಯ್ತು. ನನ್ನ ವಿವರ ಯಾರಿಗೆ, ಎಷ್ಟು ಕೊಡಬೇಕು ಅನ್ನೋದನ್ನ ತೀರ್ಮಾನಿಸೋ ಹಕ್ಕು ಮೂಲತಃ ನನ್ನದೇ. ಅದನ್ನು ಮೊಟಕು ಮಾಡಬೇಕಿದ್ದರೆ ಸರ್ಕಾರ ಉದ್ದೇಶವನ್ನು ಕಾನೂನಿನಲ್ಲೇ ಸ್ಪಷ್ಟವಾಗಿ ಬರೆಯಬೇಕು ಅಂದಿತು ಕೋರ್ಟು. ಕಂಪ್ಯೂಟರ್ ಬಂದ ಮೇಲೆ ಕ್ಷುಲ್ಲಕ ಮಾಹಿತಿ ಅನ್ನೋದೇ ಇಲ್ಲ, ಯಾಕಂದ್ರೆ ಯಾವುದನ್ನೂ ಯಾವುದಕ್ಕೂ ಜೋಡಿಸಬಹುದು ಅಂತಲೂ ಹೇಳಿತು. ನೆನಪಿಡಿ, ಇದು ಮೊಬೈಲು, ಆ್ಯಪ್‌ಗಳಿಗಿಂತ ಎಷ್ಟೋ ಹಿಂದಿನ ಮಾತು.

ಆ ತೀರ್ಪಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ಭಾಗ ಇನ್ನೊಂದು. ಸಭೆಗೆ ಹೋದರೆ ಹೆಸರು ಬರೆದುಕೊಳ್ತಾರೆ ಅಂತ ಅನುಮಾನ ಬಂದವನು ಸಭೆಗೇ ಹೋಗದೆ ಉಳಿಯಬಹುದು. ಆಗ ನಷ್ಟ ಅವನೊಬ್ಬನದಲ್ಲ, ಪ್ರಜಾಪ್ರಭುತ್ವದ್ದು. ಮೊದಲ ಸಾಲಿನ ಪ್ರಶ್ನೆಗೆ ಉತ್ತರ ಇಲ್ಲಿದೆ ನೋಡಿ. ಇವನು ಯಾವ ತಪ್ಪೂ ಮಾಡಿಲ್ಲ. ಆದರೂ ಹೆದರಿದ, ಸುಮ್ಮನಾದ.

ಕೊನೆಗೆ ಗಣತಿ ನಡೆದದ್ದು ನಾಲ್ಕು ವರ್ಷ ತಡವಾಗಿ, 1987ರ ಮೇ 25ಕ್ಕೆ, ಹೊಸ ಕಾನೂನಿನ ಅಡಿಯಲ್ಲಿ. ಜನರ ಲೆಕ್ಕ ಹಿಡಿಯೋಕೆ ಹೊರಟ ಸರ್ಕಾರ ಮೊದಲು ಜನರಿಗೆ ಲೆಕ್ಕ ಒಪ್ಪಿಸಬೇಕಾಯ್ತು.

ನಮ್ಮಲ್ಲೂ ಹಾಗೆ ಕೇಳಿದವರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ಆದರೆ ತೀರ್ಪು ಪುಸ್ತಕದಲ್ಲಿದ್ದರೆ ಸಾಲದು. ಮುಂದಿನ ಸಲ ಯಾವುದೋ ಕೌಂಟರಿನಲ್ಲಿ ಫಾರಂ ಮುಂದೆ ತಳ್ಳಿದಾಗ, “ಇದು ಯಾಕೆ ಬೇಕು, ಇನ್ಯಾರಿಗೆ ಕೊಡ್ತೀರಿ?” ಅಂತ ಕೇಳಿ. ಹಿಂದೆ ನಿಂತವರು ಗೊಣಗಬಹುದು. ಗೊಣಗಲಿ.